ಅರ್ಜಿಯಲ್ಲಿ ಕನ್ನಡವನ್ನೇಕೆ ಬಚ್ಚಿಡುತ್ತೀರಿ?

ಮಂಗಳೂರಿನ ಕಾನೂನು ವಿದ್ಯಾರ್ಥಿ ಗೆಳೆಯರೇ, ವಕೀಲರ ಕಚೇರಿಗೆ ನೀವು ಕಳಿಸುವ ಕೆಲಸದ ಅರ್ಜಿಯನ್ನು ಒಮ್ಮೆ ಓದಿ ನೋಡಿ. ಯಾರದೋ ಇಂಗ್ಲಿಷ್ ಪತ್ರದ ನಕಲು. ಹೆಸರು ಮಾತ್ರ ನಿಮ್ಮದು. ಕನ್ನಡ ಬಲ್ಲಿರೆಂಬ ಮಾತು ಕಟ್ಟಕಡೆಗೆ, ಹವ್ಯಾಸಗಳ ಪಕ್ಕದಲ್ಲಿ! ನಾಚಿಕೆಯೇ?

ಹೈಕೋರ್ಟಿನ ಭಾಷೆ ಇಂಗ್ಲಿಷ್. ಸಂವಿಧಾನದ 348ನೇ ವಿಧಿಯೇ ಹಾಗೆನ್ನುತ್ತದೆ. ಇರಲಿ. ನೀವು ಮೊದಲು ಹತ್ತುವುದು ಜಿಲ್ಲಾ ನ್ಯಾಯಾಲಯದ ಮೆಟ್ಟಿಲು. ಅಲ್ಲಿ ಕಕ್ಷಿದಾರ ತುಳುವಿನಲ್ಲಿ ಗೋಳು ಹೇಳಿಕೊಳ್ಳುತ್ತಾನೆ, ಕೈಯಲ್ಲಿರುವ ಪಹಣಿ ಕನ್ನಡದ್ದು. ಎಫ್‌ಐಆರ್ ಕನ್ನಡ, ಅಜ್ಜನ ಕಾಲದ ಮೂಲಗೇಣಿ ಚೀಟಿಯೂ ಎಷ್ಟೋ ಸಲ ಕನ್ನಡ. ವರ್ಗ ಯಾವುದು, ಕುಮ್ಕಿ ಯಾವುದು ತಿಳಿಯದವರನ್ನು ಇಟ್ಟುಕೊಂಡು ಹಿರಿಯ ವಕೀಲರು ಏನು ಮಾಡಬೇಕು? ಸಿವಿಲ್ ನ್ಯಾಯಾಧೀಶರ ಪರೀಕ್ಷೆಯಲ್ಲೂ ಸಾಕ್ಷಿ ಹೇಳಿಕೆ, ತೀರ್ಪುಗಳನ್ನು ಕನ್ನಡಕ್ಕೂ ಇಂಗ್ಲಿಷಿಗೂ ಅನುವಾದಿಸುವ ಪತ್ರಿಕೆಯೇ ಇದೆ.

ಅರ್ಜಿಯನ್ನು ಇಂಗ್ಲಿಷಿನಲ್ಲಿ ಕೇಳಿದರೆ ಇಂಗ್ಲಿಷಿನಲ್ಲೇ ಬರೆಯಿರಿ, ತಪ್ಪಿಲ್ಲ. ಆದರೆ ಕನ್ನಡದ ಕೆಲಸ ಮೊದಲ ಪ್ಯಾರಾದಲ್ಲೇ ಬರಲಿ. ‘ಕನ್ನಡ ಗೊತ್ತು’ ಎಂದರೆ ಯಾರೂ ನಂಬುವುದಿಲ್ಲ. ಯಾವ ಬಗೆಯ ದಾವೆಯ ಕರಡು ಬರೆದಿರಿ, ಕಾನೂನು ನೆರವು ಶಿಬಿರದಲ್ಲಿ ಎಂಥ ಅರ್ಜಿ ತಯಾರಿಸಿದಿರಿ, ಎಷ್ಟು ಪುಟ ಸಾಕ್ಷ್ಯ ಅನುವಾದಿಸಿದಿರಿ, ಹೇಳಿ.

ಏನೂ ಮಾಡಿಲ್ಲವೇ? ಹಾಗಾದರೆ ಅರ್ಜಿ ನಾಳೆಗಿರಲಿ. ಮನೆಯ ಪಹಣಿ ತೆಗೆಯಿರಿ, 11ನೇ ಕಾಲಂನಲ್ಲಿ ಯಾರ ಹಕ್ಕು, ಯಾವ ಋಣ ನಮೂದಾಗಿದೆ ಓದಿ.