ಸ್ಟೀರಿಂಗ್ ಅಲ್ಲಾಡಿದರೆ ರ‍್ಯಾಕನ್ನು ಬೈಯಬೇಡಿ

ಹಳೇ ಸ್ಪೋರ್ಟ್ಸ್ ಕಾರಿನ ಹುಚ್ಚಿರುವವರಿಗೆ ಟ್ರಯಂಫ್ ಸ್ಪಿಟ್‌ಫೈರ್ ಗೊತ್ತೇ ಇರುತ್ತೆ. 1962ರಿಂದ 1980ರವರೆಗೆ ಇಂಗ್ಲೆಂಡಿನ ಕೊವೆಂಟ್ರಿಯಲ್ಲಿ ತಯಾರಾದ, ಎರಡೇ ಸೀಟಿನ ಪುಟ್ಟ ಗಾಡಿ. ಇದರ ಸ್ಟೀರಿಂಗ್ ಹಿಡಿದು ಮೇಲೆ ಕೆಳಗೆ ಅಲ್ಲಾಡಿಸಿದಾಗ 'ಟಕ್ ಟಕ್' ಅಂದರೆ ಕೆಲವರು ನೇರ ಹೊಸ ರ‍್ಯಾಕಿಗೆ ದುಡ್ಡು ಸುರಿಯುತ್ತಾರೆ. ಪಾಪ, ಅದರದ್ದೇನು ತಪ್ಪು? ಕಾಲಮ್ ಹಿಡಿದಿರುವ ಬೋಲ್ಟುಗಳು ಬಿಗಿಯಾಗಿದ್ದರೆ, ಸಾಮಾನ್ಯವಾಗಿ ಸವೆದಿರೋದು ಒಳಗಿನ ಬುಶ್‌ಗಳು.

ಮೇಲೊಂದು, ಕೆಳಗೊಂದು. ಶಾಫ್ಟ್ ಹೊರತೆಗೆದು, ಬುಶ್ಶಿನ ಮೇಲಿರುವ ಗುಬಟುಗಳು ಕೊಳವೆಯ ತೂತುಗಳಲ್ಲಿ ಸರಿಯಾಗಿ ಕೂರುವಂತೆ ಹೊಸದನ್ನು ತೂರಿಸಬೇಕು. ಟೇಪ್ ಸುತ್ತಿ, ಗ್ರೀಸ್ ತುಂಬಿ ಸಾಗಹಾಕೋದು ಎರರ್ ಮೆಸೇಜ್ ಮುಚ್ಚಿಟ್ಟು ಬಗ್ ಹೋಯ್ತು ಅಂದಹಾಗೆ!

ಆದರೆ ಸ್ಟೀರಿಂಗ್ ಸ್ವಲ್ಪ ತಿರುಗಿಸಿದರೂ ಮುಂದಿನ ಚಕ್ರ ಮಿಸುಕದಿದ್ದರೆ ಅದು ಬೇರೆಯೇ ರೋಗ. ಕಾಲಮ್ಮಿನ ಜಾಯಿಂಟ್, ರ‍್ಯಾಕ್, ಟ್ರ್ಯಾಕ್ ರಾಡ್ ತುದಿ ಎಲ್ಲವನ್ನೂ ನೋಡಲೇಬೇಕು. ಹೊಸ ಬುಶ್ ಹಾಕಿದ ಮೇಲೆ ಕೈಗೆಲ್ಲ ಬಿಗಿ ಅನ್ನಿಸುತ್ತೆ, ಆ ಖುಷಿಯಲ್ಲಿ ಈ ಪರೀಕ್ಷೆ ಮರೆತರೆ ಅಪಾಯ ಪ್ರಾಣಕ್ಕೇ...

ನನ್ನ ಪ್ರಕಾರ ಬುಶ್ ಬದಲಿಸಿದ ದಿನವೇ ಉಳಿದದ್ದನ್ನೂ ನೋಡಿಬಿಡಬೇಕು. ಸಣ್ಣ ರಿಪೇರಿ ಸಮಾಧಾನ ಕೊಡಲಿ, ಸುಳ್ಳು ಸಮಾಧಾನ ಬೇಡ. ನೀವೇನಂತೀರಿ?