ಇಲ್ಲದವನ ಸಹಿ

ಮಗುವಿನ ಯೋಗಕ್ಷೇಮದ ಭಾರವನ್ನು ವರ್ಷಾನುವರ್ಷ ಒಬ್ಬಳೇ ಹೊತ್ತು ನಡೆದ ತಾಯಿಯು, ಆ ಮಗುವಿನ ಕೈಹಿಡಿದು ಹತ್ತು ದಿನಗಳ ಮಟ್ಟಿಗೆ ಪರದೇಶಕ್ಕೆ ಹೋಗಿಬರಬೇಕೆಂದು ಬಯಸಿದಾಗ, ಅಷ್ಟು ವರ್ಷಗಳಲ್ಲಿ ಶಾಲೆಯ ಶುಲ್ಕದ ರಸೀತಿಯನ್ನಾಗಲಿ ವೈದ್ಯರ ಚೀಟಿಯನ್ನಾಗಲಿ ಒಮ್ಮೆಯೂ ಕಂಡರಿಯದ ಪುರುಷನೊಬ್ಬನ ಸಹಿಗಾಗಿ ಅಲೆಯಬೇಕೆಂದು ಅವಳಿಗೆ ವಿಧಿಸುವುದು ನ್ಯಾಯವೇ ಎಂಬ ಪ್ರಶ್ನೆ ನಮ್ಮ ನ್ಯಾಯಾಲಯಗಳ ಮುಂದೆ ಮತ್ತೆ ಮತ್ತೆ ಬರುತ್ತಲಿದೆ. ನ್ಯಾಯವಲ್ಲವೆಂಬುದು ನನ್ನ ಖಚಿತವಾದ ಅಭಿಪ್ರಾಯ. ನಮ್ಮ ಮೂಲಶಾಸನದ ಆಶಯವೂ ಅದಲ್ಲವೆಂಬುದನ್ನು ತೋರಿಸಲು ಈ ಲೇಖನ.

2025ರ ಜನವರಿಯಲ್ಲಿ ಮುಂಬಯಿ ಉಚ್ಚ ನ್ಯಾಯಾಲಯದ ಮುಂದೆ ಒಂದು ಪ್ರಕರಣ ಬಂದಿತ್ತು. ಜಪಾನಿಗೆ ಹೊರಟಿದ್ದ ಅಧ್ಯಯನಪ್ರವಾಸಕ್ಕೆ ಆಯ್ಕೆಯಾಗಿದ್ದ ಬಾಲಿಕೆಯೊಬ್ಬಳಿಗೆ, ತಂದೆ ಒಪ್ಪಿಗೆ ಕೊಟ್ಟಿಲ್ಲವೆಂಬ ಕಾರಣದಿಂದ ಪಾಸ್‌ಪೋರ್ಟ್ ಕೈಗೆ ಬಾರದೆ ಹೋಯಿತು. ತಂದೆತಾಯಿಯರ ನಡುವೆ ವಿಚ್ಛೇದನದ ವ್ಯಾಜ್ಯ ನಡೆದಿತ್ತು. ಮಗಳು ತಾಯಿಯ ಬಳಿ ಬೆಳೆಯುತ್ತಿದ್ದಳು. ವಿದೇಶಪ್ರಯಾಣದ ಹಕ್ಕು ಸಂವಿಧಾನದ 21ನೆಯ ಅನುಚ್ಛೇದವು ಕೊಡಮಾಡಿದ ಸ್ವಾತಂತ್ರ್ಯದ ಅಂಗವೆಂದೂ, ತಂದೆಯ ಅಸಮ್ಮತಿಯೊಂದರಿಂದಲೇ ಅದನ್ನು ಕಸಿದುಕೊಳ್ಳಲಾಗದೆಂದೂ ಹೇಳಿ, ಪಾಸ್‌ಪೋರ್ಟ್ ಕೊಡಬೇಕೆಂದು ನ್ಯಾಯಾಲಯ ಆಜ್ಞಾಪಿಸಿತು. ತೀರ್ಪು ಶ್ಲಾಘನೀಯವಾದುದೇ ಸರಿ. ಆದರೆ ಶಾಲೆಯ ಪ್ರವಾಸಕ್ಕೆ ಹೋಗಬೇಕಾದ ಹುಡುಗಿ ಮೊದಲು ಉಚ್ಚ ನ್ಯಾಯಾಲಯದ ಮೆಟ್ಟಿಲನ್ನು ಹತ್ತಬೇಕಾಯಿತಲ್ಲ, ಆ ಮೆಟ್ಟಿಲನ್ನು ಹತ್ತುವಷ್ಟು ಹಣವಾಗಲಿ ಎದೆಗಾರಿಕೆಯಾಗಲಿ ಇಲ್ಲದ ತಾಯಂದಿರ ಮಕ್ಕಳು ಎಷ್ಟು ಮಂದಿ ಮನೆಯಲ್ಲೇ ಉಳಿದರೋ, ಅದನ್ನು ಯಾವ ತೀರ್ಪೂ ಹೇಳುವುದಿಲ್ಲ.

ಪಾಸ್‌ಪೋರ್ಟ್ ಎಂಬುದು ಸರ್ಕಾರವು ಮನಸ್ಸು ಬಂದವರಿಗೆ ದಯಪಾಲಿಸುವ ವರಪ್ರಸಾದವೆಂಬ ಭಾವನೆ 1967ರವರೆಗೆ ದೆಹಲಿಯಲ್ಲಿ ಬಲವಾಗಿತ್ತು. ಆ ವರ್ಷದ ಏಪ್ರಿಲ್‌ನಲ್ಲಿ ಸತ್ವಂತ್ ಸಿಂಗ್ ಸಾಹ್ನಿ ಮೊಕದ್ದಮೆಯ ತೀರ್ಪನ್ನಿತ್ತ ಸರ್ವೋಚ್ಚ ನ್ಯಾಯಾಲಯ, ಹೊರದೇಶಕ್ಕೆ ಹೋಗಿಬರುವುದು ವ್ಯಕ್ತಿಸ್ವಾತಂತ್ರ್ಯದ ಒಂದು ಭಾಗವೆಂದೂ, ಕಾನೂನಿನ ಆಧಾರವಿಲ್ಲದೆ ಅಧಿಕಾರಿಯ ಇಚ್ಛೆಯೊಂದರಿಂದಲೇ ಅದನ್ನು ತಡೆಯಲಾಗದೆಂದೂ ಸಾರಿತು. ಆದುದರಿಂದಲೇ ಸಂಸತ್ತು ಅದೇ ಜೂನ್‌ನಲ್ಲಿ ಪಾಸ್‌ಪೋರ್ಟ್ ಅಧಿನಿಯಮವನ್ನು ಅಂಗೀಕರಿಸಬೇಕಾಯಿತು. ಆ ಅಧಿನಿಯಮದ ಆರನೆಯ ಪ್ರಕರಣವನ್ನು ಓದುಗರು ಒಮ್ಮೆ ತಾವೇ ಓದಿ ನೋಡಬೇಕು. ಯಾವ ಯಾವ ಕಾರಣಗಳಿಂದ ಪಾಸ್‌ಪೋರ್ಟನ್ನು ನಿರಾಕರಿಸಬಹುದೆಂಬುದನ್ನು ಅದು ಒಂದೊಂದಾಗಿ ಎಣಿಸಿ, ಇವಲ್ಲದೆ ಬೇರಾವ ಕಾರಣದಿಂದಲೂ ಕೂಡದು ಎಂದು ಬೇಲಿ ಹಾಕಿದೆ. ಅರ್ಜಿದಾರ ಭಾರತದ ಪ್ರಜೆಯಲ್ಲದಿರುವುದು, ದೇಶದ ಭದ್ರತೆಗೆ ಅಪಾಯ ತರುವವನಾಗಿರುವುದು, ಕ್ರಿಮಿನಲ್ ಮೊಕದ್ದಮೆಯನ್ನು ಎದುರಿಸುತ್ತಿರುವುದು, ಅವನು ದೇಶ ಬಿಡಕೂಡದೆಂದು ನ್ಯಾಯಾಲಯದ ಆಜ್ಞೆಯಿರುವುದು, ಇಂಥವು ಆ ಪಟ್ಟಿಯಲ್ಲಿವೆ. ಗಂಡನ ಒಪ್ಪಿಗೆಯಿಲ್ಲದಿರುವುದು ಆ ಪಟ್ಟಿಯಲ್ಲಿಲ್ಲ. ಮಗು ದೇಶ ಬಿಟ್ಟು ಹೋಗಬಾರದೆಂದು ತಂದೆಗೆ ನಿಜವಾದ ಕಾರಣವಿದ್ದರೆ, ಅವನು ನ್ಯಾಯಾಲಯಕ್ಕೆ ಹೋಗಿ ಆಜ್ಞೆ ತರಲಿ ಎಂಬ ವ್ಯವಸ್ಥೆಯನ್ನು ಶಾಸನವೇ ಮಾಡಿಟ್ಟಿದೆ. ಆ ಹೊರೆಯನ್ನು ತಂದೆಯ ಹೆಗಲಿನಿಂದಿಳಿಸಿ ತಾಯಿಯ ತಲೆಯ ಮೇಲೆ ಹೊರಿಸಿದ್ದು ಕಚೇರಿಗಳ ರೂಢಿ.

ನಮೂನೆಗಳ ಮಾತಿಗೆ ಬಂದರೆ, 2016ರ ಡಿಸೆಂಬರ್‌ನಲ್ಲಿ ವಿದೇಶಾಂಗ ಸಚಿವಾಲಯ ಮಾಡಿದ ಸುಧಾರಣೆ ಸಾಮಾನ್ಯವಾದುದಲ್ಲವೆಂಬುದನ್ನು ಒಪ್ಪಲೇಬೇಕು. ತಂದೆತಾಯಿಯರಿಬ್ಬರ ಹೆಸರೂ ಬೇಕೆಂಬ ಹಠವನ್ನು ಅದು ಬಿಟ್ಟಿತು. ಒಬ್ಬರ ಹೆಸರು ಸಾಕು. ವಿಚ್ಛೇದಿತರಾಗಲಿ ಬೇರೆಯಾಗಿ ಬಾಳುವವರಾಗಲಿ ಸಂಗಾತಿಯ ಹೆಸರನ್ನು ಬರೆಯಬೇಕಾಗಿಲ್ಲ. ನೋಟರಿಯ ಮುದ್ರೆಯೂ ಮ್ಯಾಜಿಸ್ಟ್ರೇಟರ ಸಾಕ್ಷ್ಯವೂ ಬೇಡ, ಬಿಳಿಯ ಹಾಳೆಯ ಮೇಲೆ ಅರ್ಜಿದಾರರೇ ಬರೆದುಕೊಟ್ಟ ಘೋಷಣೆ ಸಾಕು. ಇಬ್ಬರೂ ಸಹಿ ಮಾಡುವುದಾದರೆ ಅನೆಕ್ಷರ್ ಡಿ. ಒಬ್ಬರ ಒಪ್ಪಿಗೆ ದೊರೆಯದಿದ್ದರೆ, ಏಕೆ ದೊರೆಯಲಿಲ್ಲವೆಂಬುದನ್ನು ತಿಳಿಸುವ ಅನೆಕ್ಷರ್ ಸಿ. ಈ ಎರಡನೆಯ ಕಾಗದದಲ್ಲಿ, ಮುಂದೆ ಈ ಪಾಸ್‌ಪೋರ್ಟಿನ ವಿಷಯವಾಗಿ ವ್ಯಾಜ್ಯವೇನಾದರೂ ಹುಟ್ಟಿದರೆ ಅದನ್ನು ಎದುರಿಸುವ ಹೊಣೆ ಸಂಪೂರ್ಣವಾಗಿ ತನ್ನದೇ, ಕಚೇರಿಯದಲ್ಲ ಎಂದು ಅರ್ಜಿದಾರರಿಂದ ಬರೆಸಿಕೊಳ್ಳುವ ಒಂದು ವಾಕ್ಯವೂ ಉಂಟು. ತನ್ನ ತಲೆಯ ಮೇಲಿನ ಹೊಣೆಯನ್ನು ಇಷ್ಟು ಅಚ್ಚುಕಟ್ಟಾಗಿ ಕೊಡವಿಕೊಂಡ ಮೇಲೆ ಕಚೇರಿಗೆ ಇನ್ನಾವ ಅಂಜಿಕೆ ಉಳಿಯಿತೆಂದು ಯಾರಾದರೂ ಕೇಳಬಹುದು. ಆದರೆ ದೇವರು ವರ ಕೊಟ್ಟರೂ ಪೂಜಾರಿ ಕೊಡನೆಂಬ ಮಾತು ಸುಮ್ಮನೆ ಹುಟ್ಟಿದ್ದಲ್ಲ.

ನನಗೆ ಪರಿಚಿತರಾದ ಅಧ್ಯಾಪಿಕೆಯೊಬ್ಬರ ಅನುಭವವನ್ನು ಹೇಳುತ್ತೇನೆ. ಊರಿನ ಹೆಸರೂ ಕಚೇರಿಯ ಹೆಸರೂ ಇಲ್ಲಿ ಬೇಡ. ಗಂಡ ಮನೆಬಿಟ್ಟು ಹೋಗಿ ನಾಲ್ಕು ವರ್ಷವಾಗಿತ್ತು. ಸಿಂಗಪುರದಲ್ಲಿರುವ ತಂಗಿಯ ಮನೆಗೆ ಬೇಸಿಗೆಯ ರಜೆಯಲ್ಲಿ ಮಗಳನ್ನು ಕರೆದುಕೊಂಡು ಹೋಗಬೇಕೆಂದು ಆಕೆ ಅನೆಕ್ಷರ್ ಸಿಯನ್ನು ದುಂಡಗಿನ ಅಕ್ಷರದಲ್ಲಿ ಬರೆದು, ಜನನಪ್ರಮಾಣಪತ್ರವನ್ನೂ ಶಾಲೆಯ ಪತ್ರವನ್ನೂ ಅಡಕಮಾಡಿ, ಟೋಕನ್ ಹಿಡಿದು ಕುಳಿತರು. ಮೊದಲನೆಯ ಕೌಂಟರಿನಲ್ಲಿ ಹುಡುಗಿಯ ಫೋಟೋ ತೆಗೆದರು, ಕಾಗದಗಳನ್ನು ಸ್ಕ್ಯಾನ್ ಮಾಡಿದರು, ಎಲ್ಲವೂ ಸುಗಮವಾಗಿ ನಡೆಯಿತು. ಎರಡನೆಯ ಕೌಂಟರಿನ ಅಧಿಕಾರಿ ಹಾಳೆಗಳನ್ನು ಮುಂದಕ್ಕೊಮ್ಮೆ ಹಿಂದಕ್ಕೊಮ್ಮೆ ತಿರುಗಿಸಿ, "ಯಜಮಾನರ ಸಹಿ ಎಲ್ಲಮ್ಮಾ?" ಎಂದು ಕೇಳಿದರು.

"ಅವರು ಎಲ್ಲಿದ್ದಾರೋ ಗೊತ್ತಿಲ್ಲ ಸಾರ್. ಅದಕ್ಕೇ ಅನೆಕ್ಷರ್ ಸಿ ಕೊಟ್ಟಿದ್ದೀನಿ."

"ಡೈವೋರ್ಸ್ ಆಗಿದೆಯಾ?"

"ಇಲ್ಲ."

"ಹಾಗಾದರೆ ಕೋರ್ಟ್ ಆರ್ಡರ್ ತನ್ನಿ. ಇಲ್ಲ, ಯಜಮಾನರನ್ನೇ ಒಂದು ಸಲ ಕರೆದುಕೊಂಡು ಬನ್ನಿ, ಮುಗಿದುಹೋಗುತ್ತೆ."

ಹುಡುಗಿ ಪಕ್ಕದಲ್ಲೇ ನಿಂತಿದ್ದಳು. ಅಧಿಕಾರಿ ಕ್ರೂರಿಯಲ್ಲ, ಬಹುಶಃ ಒಳ್ಳೆಯ ಗೃಹಸ್ಥನೇ ಇದ್ದಾನು. ಗಂಡ ಸತ್ತಿದ್ದರೆ ಮರಣಪತ್ರ, ವಿಚ್ಛೇದನವಾಗಿದ್ದರೆ ಡಿಕ್ರಿ; ಇವೆರಡೂ ಅಲ್ಲದ ಸ್ಥಿತಿಗೆ ಅವನ ಮನಸ್ಸಿನಲ್ಲಿ ಕಪಾಟಿಲ್ಲ. ವಿಧವೆಯರಿಗೂ ವಿಧುರರಿಗೂ ಒಂದು ಕಾಗದದಿಂದ ಬಿಡುಗಡೆಯಾಗುತ್ತದೆ. ಪರಿತ್ಯಕ್ತೆಗೆ ಅಂತಹ ಕಾಗದವನ್ನು ಕೊಡುವವರು ಯಾರು? ಕಾಣೆಯಾದ ಮನುಷ್ಯನನ್ನು ಮೃತನೆಂದು ಭಾವಿಸಲು ನಮ್ಮ ಸಾಕ್ಷ್ಯಶಾಸನ ಏಳು ವರ್ಷ ಕಾಯಿಸುತ್ತದೆ. ಆ ಏಳು ವರ್ಷ ಕಳೆಯುವ ಹೊತ್ತಿಗೆ ಮಗು ಪ್ರೌಢಶಾಲೆ ಮುಗಿಸಿರುತ್ತದೆ.

ಈ ಮನೋಧರ್ಮದ ಬೇರು ಕಚೇರಿಯಲ್ಲಿಲ್ಲ, ಕಾನೂನಿನ ಪುಸ್ತಕದಲ್ಲಿದೆ. 1956ರ ಹಿಂದೂ ಅಪ್ರಾಪ್ತವಯಸ್ಕತೆ ಮತ್ತು ಪಾಲಕತ್ವ ಅಧಿನಿಯಮದ ಆರನೆಯ ಪ್ರಕರಣವು, ಮಗುವಿನ ಸ್ವಾಭಾವಿಕ ಪಾಲಕನು ತಂದೆ, ಅವನ ತರುವಾಯ ತಾಯಿ ಎಂದು ಘೋಷಿಸುತ್ತದೆ. ಐದು ವರ್ಷ ತುಂಬದ ಕೂಸು ಸಾಮಾನ್ಯವಾಗಿ ತಾಯಿಯ ಬಳಿ ಇರತಕ್ಕದ್ದೆಂಬ ಕೃಪೆಯನ್ನೂ ತೋರುತ್ತದೆ. ಅದೇ ಪ್ರಕರಣ, ವಿವಾಹಬಂಧನದ ಹೊರಗೆ ಹುಟ್ಟಿದ ಮಗುವಿನ ವಿಷಯಕ್ಕೆ ಬಂದೊಡನೆ ಕ್ರಮವನ್ನು ತಿರುಗಿಸಿ, ತಾಯಿ ಮೊದಲು, ಅವಳ ತರುವಾಯ ತಂದೆ ಎನ್ನುತ್ತದೆ. ಅರ್ಥಾತ್ ಸಪ್ತಪದಿಯನ್ನು ತುಳಿದ ಹೆಣ್ಣಿಗೆ ತನ್ನ ಮಗುವಿನ ಮೇಲೆ ಎರಡನೆಯ ಸ್ಥಾನ, ತುಳಿಯದವಳಿಗೆ ಮೊದಲನೆಯ ಸ್ಥಾನ. ಗೃಹಸ್ಥಾಶ್ರಮಕ್ಕೆ ಇದಕ್ಕಿಂತ ಮಿಗಿಲಾದ ಪರಿಹಾಸ್ಯವನ್ನು ಅದರ ವಿರೋಧಿಗಳೂ ಮಾಡಿರಲಾರರು.

ಲೇಖಕಿ ಗೀತಾ ಹರಿಹರನ್ ತಮ್ಮ ಮಗನ ಹೆಸರಿನಲ್ಲಿ ರಿಸರ್ವ್ ಬ್ಯಾಂಕಿನ ಬಾಂಡು ಕೊಳ್ಳಹೋದಾಗ ತಂದೆಯ ಸಹಿ ಬೇಕೆಂದು ಬ್ಯಾಂಕು ಹೇಳಿತು. ಪ್ರಕರಣ ಸರ್ವೋಚ್ಚ ನ್ಯಾಯಾಲಯಕ್ಕೆ ಹೋಗಿ, 1999ರ ಫೆಬ್ರುವರಿಯಲ್ಲಿ ತೀರ್ಪು ಬಂದಿತು: ತಂದೆಯ ತರುವಾಯ ಎಂದರೆ ಅವನ ಮರಣದ ತರುವಾಯ ಎಂದಲ್ಲ, ಮಗುವಿನ ವಿಷಯದಲ್ಲಿ ಅವನು ಉದಾಸೀನನಾಗಿರುವಾಗಲೂ ದೂರವಿರುವಾಗಲೂ ತಾಯಿಯೇ ಸ್ವಾಭಾವಿಕ ಪಾಲಕಳು. ಅಧಿನಿಯಮದ ಆ ಆರನೆಯ ಪ್ರಕರಣವನ್ನು ನೇರವಾಗಿ ರದ್ದುಗೊಳಿಸುವ ಬದಲು ವ್ಯಾಖ್ಯಾನದಿಂದ ಮೆದುಗೊಳಿಸಿದ್ದು ನನಗೆ ಅರೆಮನಸ್ಸಿನ ಕೆಲಸವಾಗಿ ತೋರುತ್ತದೆ. ಆದರೂ ಕಚೇರಿಗಳು ಆ ಅರ್ಧವನ್ನಾದರೂ ಓದಿದ್ದರೆ ನಮ್ಮ ಅಧ್ಯಾಪಿಕೆ ಅಂದು ಬರಿಗೈಯಲ್ಲಿ ಹಿಂದಿರುಗಬೇಕಾಗುತ್ತಿರಲಿಲ್ಲ. 2015ರ ಜುಲೈಯಲ್ಲಿ, ಹಿಂದೆ ನಮ್ಮ ಕರ್ನಾಟಕದ ಮುಖ್ಯ ನ್ಯಾಯಮೂರ್ತಿಗಳಾಗಿದ್ದ ವಿಕ್ರಮಜಿತ್ ಸೇನ್ ಅವರು ಬರೆದ ತೀರ್ಪಿನಲ್ಲಿ, ಅವಿವಾಹಿತ ತಾಯಿಯು ತಂದೆಯ ಹೆಸರನ್ನು ಬಹಿರಂಗಪಡಿಸದೆಯೇ, ಅವನಿಗೆ ನೋಟೀಸು ಕೊಡದೆಯೇ, ಮಗುವಿನ ಪಾಲಕತ್ವವನ್ನು ಕೋರಬಹುದೆಂಬುದು ಸ್ಥಾಪಿತವಾಯಿತು. ಕಾನೂನು ಆಯೋಗ 1989ರಲ್ಲಿ ಒಮ್ಮೆ, 2015ರಲ್ಲಿ ಮತ್ತೊಮ್ಮೆ, ತಂದೆತಾಯಿಯರನ್ನು ಸಮಾನ ಪಾಲಕರೆಂದು ಮಾಡಿರೆಂದು ವರದಿ ಕೊಟ್ಟಿತು. ಆರನೆಯ ಪ್ರಕರಣದಲ್ಲಿ ತಂದೆಗೇ ಅಗ್ರಸ್ಥಾನವೆಂಬ ಮಾತು ಇಂದಿಗೂ ಅಲುಗಾಡದೆ ಕುಳಿತಿದೆ.

ಎದುರುಪಕ್ಷದ ವಾದವನ್ನು ಅದರ ಪೂರ್ಣಬಲದಲ್ಲಿ ಮಂಡಿಸದೆ ಮುಂದೆ ಹೋಗುವುದು ಸರಿಯಾಗದು. ಸಹಿ ಕೇಳುವುದು ಗಂಡಸಿನ ದರ್ಪವನ್ನು ಕಾಯುವುದಕ್ಕಲ್ಲ, ಮಗುವಿನ ಅಪಹರಣವನ್ನು ತಡೆಯುವುದಕ್ಕೆ ಎನ್ನುತ್ತಾರೆ. ಈ ಮಾತಿನಲ್ಲಿ ಸತ್ಯವಿದೆ. ಮುರಿದ ದಾಂಪತ್ಯದಲ್ಲಿ ಮಗುವನ್ನು ಎತ್ತಿಕೊಂಡು ಗಡಿ ದಾಟುವ ತಂದೆಯರೂ ಉಂಟು, ತಾಯಂದಿರೂ ಉಂಟು. ಇಂತಹ ಮಕ್ಕಳನ್ನು ಅವರು ವಾಸವಾಗಿದ್ದ ದೇಶಕ್ಕೆ ತ್ವರಿತವಾಗಿ ಹಿಂದಿರುಗಿಸಲೆಂದೇ 1980ರಲ್ಲಿ ಹೇಗ್ ನಗರದಲ್ಲಿ ಒಂದು ಒಡಂಬಡಿಕೆಯಾಯಿತು. ನೂರಕ್ಕೂ ಮಿಕ್ಕ ದೇಶಗಳು ಅದರಲ್ಲಿ ಸೇರಿವೆ, ಭಾರತ ಸೇರಿಲ್ಲ. ಪರದೇಶದಲ್ಲಿ ಗಂಡನ ಹಿಂಸೆಯನ್ನು ತಾಳಲಾರದೆ ಮಗುವಿನೊಡನೆ ತವರಿಗೆ ಓಡಿಬಂದ ಹೆಣ್ಣುಮಕ್ಕಳನ್ನು ಆ ಒಡಂಬಡಿಕೆಯು ಅಪಹರಣಕಾರರ ಸಾಲಿನಲ್ಲಿ ನಿಲ್ಲಿಸುತ್ತದೆಂಬುದು ನಮ್ಮ ಸರ್ಕಾರದ ಹಿಂಜರಿಕೆಗೆ ಕಾರಣ. ಅಮೆರಿಕಕ್ಕೂ ಇಂಗ್ಲೆಂಡಿಗೂ ಹೆಣ್ಣುಕೊಟ್ಟ ಕನ್ನಡದ ಮನೆಗಳಿಗೆ ಈ ಕಾರಣದ ತೂಕ ಗೊತ್ತಿದೆ. 2018ರಲ್ಲಿ ನ್ಯಾಯಮೂರ್ತಿ ರಾಜೇಶ್ ಬಿಂದಲ್ ಸಮಿತಿ ವರದಿ ಕೊಟ್ಟ ಮೇಲೂ ವಿಷಯ ಅಲ್ಲಿಯೇ ನಿಂತಿದೆ. ಆದುದರಿಂದ ಇಲ್ಲಿಂದ ಮಗುವನ್ನು ಕಳೆದುಕೊಂಡ ತಂದೆಗೆ ಆ ಒಡಂಬಡಿಕೆಯ ಆಸರೆಯಿಲ್ಲ, ಆ ಸಹಿಯೊಂದೇ ಅವನ ಕೈಯಲ್ಲಿರುವ ಆಯುಧ ಎಂಬ ವಾದವನ್ನು ನಾನು ತಳ್ಳಿಹಾಕುವುದಿಲ್ಲ.

ಆದರೆ ಆಯುಧವನ್ನು ಯಾರ ಕೈಗೆ ಕೊಡುತ್ತಿದ್ದೇವೆಂಬುದನ್ನು ವಿಚಾರಿಸಬೇಡವೆ? ಮಗುವಿನ ಮೇಲೆ ಅಕ್ಕರೆಯುಳ್ಳ ತಂದೆ, ತಾನು ಭಯಪಟ್ಟರೆ, ಕೌಟುಂಬಿಕ ನ್ಯಾಯಾಲಯಕ್ಕೆ ಹೋಗಿ ತಡೆಯಾಜ್ಞೆ ತರುತ್ತಾನೆ. ಸಹಿಯ ನಿಯಮದಿಂದ ನಿಜವಾಗಿ ಬಲ ಬರುವುದು ನ್ಯಾಯಾಲಯದ ಹತ್ತಿರ ಸುಳಿಯಲೊಲ್ಲದವನಿಗೆ, ಜೀವನಾಂಶದ ಬಾಕಿಯನ್ನು ಮನ್ನಾ ಮಾಡಿದರೆ ಸಹಿ ಹಾಕುತ್ತೇನೆಂದು ವಕೀಲರ ಮೂಲಕ ಹೇಳಿಕಳುಹಿಸುವವನಿಗೆ, ಏನೂ ಮಾಡದೆ ಸುಮ್ಮನಿದ್ದೇ ಗೆಲ್ಲುವವನಿಗೆ. ಮೌನಂ ಸಮ್ಮತಿಲಕ್ಷಣಂ ಎಂದು ನಮ್ಮ ಹಿರಿಯರು ಹೇಳಿದರು. ಕಚೇರಿ ಅದನ್ನು ತಲೆಕೆಳಗು ಮಾಡಿ ಮೌನವನ್ನೇ ನಿರಾಕರಣೆಯೆಂದು ದಾಖಲಿಸುತ್ತಿದೆ.

ಪರದೇಶದ ಸರ್ಕಾರಗಳು ಕೇಳುವ ಕಾಗದಗಳ ವಿಚಾರ ಬೇರೆ. ಅಲ್ಲಿನ ಅಧಿಕಾರಿಗೆ ನಮ್ಮ ಕುಟುಂಬದ ವೃತ್ತಾಂತ ತಿಳಿಯದು. ತಾಯಿಗೂ ಮಗುವಿಗೂ ಸಮಾನವಾದ ಮನೆತನದ ಹೆಸರನ್ನು ಅವನು ಹುಡುಕುತ್ತಾನೆ, ನಮ್ಮಲ್ಲಾದರೋ ತಾಯಿಯ ಹೆಸರಿನ ಮುಂದೆ ಅವಳ ತವರೂರಿನ ಅಕ್ಷರ, ಮಗುವಿನದರ ಮುಂದೆ ತಂದೆಯ ಅಕ್ಷರ. ಜನನಪ್ರಮಾಣಪತ್ರವನ್ನೂ, ಪಾಲನಾಧಿಕಾರದ ಆಜ್ಞೆಯ ದೃಢೀಕೃತ ಪ್ರತಿಯನ್ನೂ, ಇದ್ದರೆ ಮರಣಪತ್ರವನ್ನೂ ಕೈಚೀಲದಲ್ಲೇ ಇಟ್ಟುಕೊಳ್ಳುವುದು ವಿವೇಕ. ನ್ಯಾಯಾಲಯ ನೇಮಿಸಿದ ಪಾಲಕರಾದರೆ, 1890ರ ಪಾಲಕರು ಮತ್ತು ಪಾಲಿತರ ಅಧಿನಿಯಮದಂತೆ, ಮಗುವನ್ನು ಆ ನ್ಯಾಯಾಲಯದ ವ್ಯಾಪ್ತಿಯಾಚೆ ಒಯ್ಯಲು ಅದರ ಅನುಮತಿ ಬೇಕೆಂಬುದನ್ನೂ ಮರೆಯಬಾರದು. ಅತಿಯಾದ ಕಟ್ಟುನಿಟ್ಟು ಪರದೇಶಗಳಲ್ಲಿಯೂ ಫಲಿಸಿಲ್ಲ. ಅಪ್ರಾಪ್ತವಯಸ್ಕರೆಲ್ಲರೂ ವಿವರವಾದ ಜನನಪತ್ರವನ್ನೂ ಜೊತೆಯಲ್ಲಿಲ್ಲದ ತಾಯಿ ಅಥವಾ ತಂದೆಯ ಪ್ರಮಾಣಪತ್ರವನ್ನೂ ತರತಕ್ಕದ್ದೆಂದು ದಕ್ಷಿಣ ಆಫ್ರಿಕ 2015ರ ಜೂನ್‌ನಿಂದ ವಿಧಿಸಿತು, ಪ್ರವಾಸೋದ್ಯಮದವರು ಬೊಬ್ಬೆಯಿಟ್ಟರು, 2019ರ ಕೊನೆಯ ಹೊತ್ತಿಗೆ ಪರದೇಶದ ಮಕ್ಕಳ ಮಟ್ಟಿಗೆ ಆ ನಿರ್ಬಂಧವನ್ನು ಸಡಿಲಿಸಲೇಬೇಕಾಯಿತು.

ನಮ್ಮಲ್ಲಿ ಆಗಬೇಕಾದದ್ದು ದೊಡ್ಡ ಕ್ರಾಂತಿಯೇನೂ ಅಲ್ಲ. ಒಬ್ಬರೇ ಅರ್ಜಿ ಹಾಕಿದಾಗ, ಮತ್ತೊಬ್ಬರ ವಿಳಾಸ ತಿಳಿದಿದ್ದರೆ ಕಚೇರಿಯೇ ಅವರಿಗೆ ನೋಟೀಸು ಕಳುಹಿಸಲಿ. ಇಷ್ಟು ದಿನಗಳೊಳಗೆ ನ್ಯಾಯಾಲಯದ ಆಜ್ಞೆಯನ್ನು ತಾರದಿದ್ದರೆ ಪಾಸ್‌ಪೋರ್ಟ್ ಕೊಡಲಾಗುವುದೆಂದು ಅದರಲ್ಲಿ ಬರೆಯಲಿ. ಬರಿಯ ತಕರಾರು ಪತ್ರಕ್ಕೆ ತಡೆಯಾಜ್ಞೆಯ ಬೆಲೆ ಕೊಡುವುದು ನಿಲ್ಲಲಿ. ಮಗು ಯಾರ ಬಳಿ ಇರಬೇಕೆಂದು ತೀರ್ಮಾನಿಸುವ ಕೌಟುಂಬಿಕ ನ್ಯಾಯಾಲಯಗಳು, ಅದೇ ಆಜ್ಞೆಯಲ್ಲಿ ಪಾಸ್‌ಪೋರ್ಟಿನ ಮಾತನ್ನೂ ಪ್ರಯಾಣದ ಮಾತನ್ನೂ ಎರಡು ಸಾಲಿನಲ್ಲಿ ಬರೆದು ಮುಗಿಸಲಿ. ಅದನ್ನು ಬರೆಯದೆ ಬಿಟ್ಟದ್ದರಿಂದ ಎರಡನೆಯ ಅರ್ಜಿ, ಎರಡನೆಯ ವಕಾಲತ್ತು, ಎರಡನೆಯ ಶುಲ್ಕ. ಪಾಲಕತ್ವ ಅಧಿನಿಯಮದ ಆರನೆಯ ಪ್ರಕರಣವನ್ನು ತಿದ್ದುವ ಕೆಲಸ ಸಂಸತ್ತಿನದು.

ಅಲ್ಲಿಯವರೆಗೆ ಒಂಟಿಯಾಗಿ ಮಕ್ಕಳನ್ನು ಸಾಕುತ್ತಿರುವ ತಾಯಂದಿರಿಗೂ ತಂದೆಯರಿಗೂ ನನ್ನ ಬಿನ್ನಹ ಇಷ್ಟೆ. ಕೌಂಟರಿನಲ್ಲಿ ಬಾಯಿಮಾತಿನಲ್ಲಿ ಆಗುವುದಿಲ್ಲವೆಂದರೆ ಅರ್ಜಿಯನ್ನು ಹಿಂದಕ್ಕೆ ತೆಗೆದುಕೊಂಡು ಬರಬೇಡಿ. ನಿರಾಕರಣೆಯ ಕಾರಣವನ್ನು ಬರಹದಲ್ಲಿ ದಾಖಲಿಸಿ, ಕೇಳಿದರೆ ಅದರ ಪ್ರತಿಯನ್ನು ಕೊಡಬೇಕೆಂದು ಪಾಸ್‌ಪೋರ್ಟ್ ಅಧಿನಿಯಮದ ಐದನೆಯ ಪ್ರಕರಣ ಅಧಿಕಾರಿಗೆ ವಿಧಿಸಿದೆ. ಅದರ ಮೇಲೆ ಅಪೀಲು ಹೋಗುವ ಹಕ್ಕನ್ನು ಹನ್ನೊಂದನೆಯ ಪ್ರಕರಣ ಕೊಟ್ಟಿದೆ. ಆ ಬರಹವನ್ನು ಕೇಳಿ, ಪಡೆಯದೆ ಏಳಬೇಡಿ.