ಹತ್ತನೆಯ ತರಗತಿಯಲ್ಲಿಯೇ ನೋಡಬೇಕಾದ ವಿಶ್ವವಿದ್ಯಾಲಯ

ಮಕ್ಕಳನ್ನು ವಿಶ್ವವಿದ್ಯಾಲಯ ತೋರಿಸಲು ಕರೆದೊಯ್ಯುವ ಪದ್ಧತಿ ನಮ್ಮ ಕಡೆ ಇನ್ನೂ ಬೇರೂರಿಲ್ಲ. ಹನ್ನೆರಡನೆಯ ತರಗತಿಯ ಫಲಿತಾಂಶ ಬಂದು, ಅರ್ಜಿ ತುಂಬುವ ಕೊನೆಯ ದಿನ ಸಮೀಪಿಸಿದಾಗ ತಂದೆ ಮಗುವಿನೊಡನೆ ಓಡುವುದೇ ರೂಢಿ. ಕನ್ನಡ ಮಾಧ್ಯಮದಲ್ಲಿ ಓದುತ್ತಿರುವ ನಾರಾಯಣಪೇಟೆ, ಮಕ್ತಲ್, ಗದ್ವಾಲ್ ಭಾಗದ ಮಕ್ಕಳಿಗೆ ಆ ಹೊತ್ತು ಬಹಳ ತಡವಾದುದು. ಹತ್ತನೆಯ ತರಗತಿಯಲ್ಲಿರುವಾಗಲೇ ಹೋಗಬೇಕು. ಅದೂ ಎರಡು ದಿಕ್ಕಿಗೆ.

ಹೋಗುವುದು ಈಗ ಕಷ್ಟವಲ್ಲ. 2023ರ ಅಕ್ಟೋಬರ್ 1ರಂದು ಜಕ್ಲೇರ್–ಕೃಷ್ಣಾ ನಡುವಣ 37 ಕಿಲೋಮೀಟರಿನ ಹೊಸ ರೈಲುಮಾರ್ಗ ಲೋಕಾರ್ಪಣೆಗೊಂಡಿತು. ಅಂದೇ ಕಾಚಿಗುಡ–ರಾಯಚೂರು ರೈಲಿಗೂ ಚಾಲನೆ ದೊರೆಯಿತು. ಮಕ್ತಲ್‌ನಿಂದ ಒಂದು ದಿಕ್ಕಿಗೆ ಹೊರಟರೆ ಮಹಬೂಬನಗರದಲ್ಲಿ 2008ರಲ್ಲಿ ಸ್ಥಾಪನೆಯಾದ ಪಾಲಮೂರು ವಿಶ್ವವಿದ್ಯಾಲಯ, ಮುಂದೆ ಹೈದರಾಬಾದಿನ ಉಸ್ಮಾನಿಯಾ. ಇನ್ನೊಂದು ದಿಕ್ಕಿಗೆ ಹೊರಟರೆ ಕೃಷ್ಣೆಯನ್ನು ದಾಟಿ ರಾಯಚೂರು. ಗದ್ವಾಲಿನವರಿಗೆ ರಾಯಚೂರಿನ ರೈಲು 2013ರಿಂದಲೇ ಉಂಟು.

ಉಸ್ಮಾನಿಯಾವನ್ನು ಒಮ್ಮೆಯಾದರೂ ತೋರಿಸಿ. 1918ರಲ್ಲಿ ಆರಂಭವಾದ ಈ ವಿಶ್ವವಿದ್ಯಾಲಯವು ವಿಜ್ಞಾನವನ್ನೂ ಕಾನೂನನ್ನೂ ಉರ್ದುವಿನಲ್ಲಿ ಕಲಿಸಿ ತೋರಿಸಿತು. ಅದಕ್ಕಾಗಿಯೇ ಒಂದು ಭಾಷಾಂತರ ಕಾರ್ಯಾಲಯ ನಡೆಯಿತು. ಡಿ.ಕೆ. ಭೀಮಸೇನರಾಯರು ಕನ್ನಡದ ಅಧ್ಯಾಪಕರಾಗಿದ್ದುದು ಇಲ್ಲಿಯೇ. ದೇಶಭಾಷೆಯಲ್ಲಿ ಓದಿದವರು ಕೀಳರಿಮೆ ಪಡಬೇಕಾಗಿಲ್ಲ ಎಂಬುದಕ್ಕೆ 1939ರಲ್ಲಿ ಉದ್ಘಾಟನೆಯಾದ ಆ ಗುಲಾಬಿ ಕಲ್ಲಿನ ಆರ್ಟ್ಸ್ ಕಾಲೇಜಿಗಿಂತ ಬೇರೆ ಸಾಕ್ಷಿ ಬೇಡ. ಆದರೆ ಕಟ್ಟಡದ ಮುಂದೆ ಭಾವಚಿತ್ರ ತೆಗೆಸಿಕೊಂಡು ಮರಳಿದರೆ ಹೋದದ್ದು ವ್ಯರ್ಥ. ಅನುಮತಿ ಕೇಳಿ, ಮಗುವನ್ನು ಒಂದು ತರಗತಿಯ ಹಿಂದಿನ ಬೆಂಚಿನಲ್ಲಿ ಕೂರಿಸಬೇಕು. ನಮ್ಮ ಶಾಲೆಯಲ್ಲಿ ‘ದ್ಯುತಿಸಂಶ್ಲೇಷಣೆ’ ಎಂದು ಕಲಿತ ವಿಷಯವನ್ನು ತೆಲುಗು ಮಾಧ್ಯಮದವರು ‘ಕಿರಣಜನ್ಯ ಸಂಯೋಗಕ್ರಿಯ’ ಎಂದು ಕಲಿತಿರುತ್ತಾರೆ. ಅಧ್ಯಾಪಕರು ‘ಫೋಟೋಸಿಂಥೆಸಿಸ್’ ಎನ್ನುತ್ತಾರೆ. ಮೂರೂ ಒಂದೇ ಎಂದು ಆ ಬೆಂಚಿನಲ್ಲಿ ಕುಳಿತಾಗ ತಿಳಿದರೆ ಭಯ ಅರ್ಧ ಕಡಿಮೆಯಾಗುತ್ತದೆ. ಪ್ರವೇಶ ಪಡೆದ ಮೇಲೆ ತಿಳಿದರೆ ಮೊದಲ ವರ್ಷವೇ ಅದಕ್ಕೆ ಬಲಿ.

ಇನ್ನು, ಹತ್ತನೆಯ ತರಗತಿಯಲ್ಲಿಯೇ ಎಂದು ಏಕೆ ಒತ್ತಿ ಹೇಳುತ್ತಿದ್ದೇನೆಂದರೆ, ಆ ವರ್ಷದ ಕೊನೆಗೆ ಮನೆಮನೆಯಲ್ಲಿಯೂ ಒಂದು ಪ್ರಶ್ನೆ ಏಳುತ್ತದೆ: ಇಂಟರ್ ಇಲ್ಲಿಯೋ, ಪಿಯುಸಿ ರಾಯಚೂರಿನಲ್ಲಿಯೋ? ಭಾಷೆಯ ಅನುಕೂಲ ನೋಡಿ ಅನೇಕರು ರಾಯಚೂರು ಎನ್ನುತ್ತಾರೆ. ತಪ್ಪೇನೂ ಅಲ್ಲ. ಆದರೆ ಆ ಎರಡು ವರ್ಷಗಳ ಬೆಲೆ ಏನೆಂದು ಕೇಳಿಯೇ ನಿರ್ಧರಿಸಬೇಕು. ತೆಲಂಗಾಣದಲ್ಲಿ ‘ಸ್ಥಳೀಯ ಅಭ್ಯರ್ಥಿ’ ಎನಿಸಲು, 1974ರ ರಾಷ್ಟ್ರಪತಿ ಆದೇಶದ ಕಾಲದಿಂದಲೂ, ಅರ್ಹತಾ ಪರೀಕ್ಷೆಯವರೆಗಿನ ಸತತ ನಾಲ್ಕು ವರ್ಷಗಳ ಓದು ಮುಖ್ಯವಾದ ಅಳತೆ. ವೈದ್ಯಕೀಯ ಪ್ರವೇಶಕ್ಕೆ ಒಂಬತ್ತರಿಂದ ಹನ್ನೆರಡರವರೆಗೆ ರಾಜ್ಯದೊಳಗೇ ಓದಿರಬೇಕೆಂಬ ನಿಯಮವನ್ನು 2025ರಲ್ಲಿ ಸುಪ್ರೀಂ ಕೋರ್ಟು ಎತ್ತಿಹಿಡಿದಿದೆ. ಹೊಳೆಯಾಚೆ ಎರಡು ವರ್ಷ ಓದಿದ ಮಗುವಿನ ಈ ಸರಪಳಿ ಕಡಿಯುತ್ತದೆ.

ಆಚೆಯ ದಡದಲ್ಲಾದರೂ ಜಾಗ ಸಿಗುವುದೇ? ಕರ್ನಾಟಕದಲ್ಲಿ ವೃತ್ತಿಪರ ಕೋರ್ಸುಗಳ ಸರ್ಕಾರಿ ಸೀಟಿಗೆ ಸಾಮಾನ್ಯ ನಿಯಮದಂತೆ ಆ ರಾಜ್ಯದಲ್ಲಿ ಕನಿಷ್ಠ ಏಳು ವರ್ಷ ಓದಿರಬೇಕು. ಎರಡು ವರ್ಷ ಏಳಕ್ಕೆ ಸಾಲದು. ಹೊರನಾಡು ಮತ್ತು ಗಡಿನಾಡು ಕನ್ನಡಿಗರಿಗೆ ಬೇರೆ ಕಲಮುಗಳಿವೆ. ಅವರಿಗಾಗಿ ಪರೀಕ್ಷಾ ಪ್ರಾಧಿಕಾರವು ಪ್ರತ್ಯೇಕ ಕನ್ನಡ ಭಾಷಾ ಪರೀಕ್ಷೆ ನಡೆಸುತ್ತದೆ. ನಮ್ಮ ಮಕ್ಕಳಿಗೆ ಆ ಪರೀಕ್ಷೆ ನೀರು ಕುಡಿದಷ್ಟು ಸುಲಭ. ಆದರೆ ಹತ್ತು ವರ್ಷ ಇಲ್ಲಿ, ಎರಡು ವರ್ಷ ಅಲ್ಲಿ ಓದಿದ ಮಗು ಯಾವ ಕಲಮಿನೊಳಗೆ ಬರುತ್ತದೆಂದು ಆ ವರ್ಷದ ಮಾಹಿತಿ ಪುಸ್ತಕವನ್ನು ಸಾಲು ಸಾಲಾಗಿ ಓದಿ, ಲಿಖಿತ ಉತ್ತರ ಪಡೆದೇ ಮುಂದುವರಿಯಬೇಕು. ಬಾಯಿಮಾತಿನ ಭರವಸೆ ಪ್ರವೇಶದ ಕಿಟಕಿಯಲ್ಲಿ ನಡೆಯುವುದಿಲ್ಲ.

ಇದರ ಮೇಲೆ 371(ಜೆ) ವಿಧಿ. ಕಲ್ಯಾಣ ಕರ್ನಾಟಕದ ವಿದ್ಯಾಸಂಸ್ಥೆಗಳಲ್ಲಿ ನೂರಕ್ಕೆ 70 ಸೀಟುಗಳು ಆ ಪ್ರದೇಶದ ಸ್ಥಳೀಯರಿಗೆ. ಇಲ್ಲಿ ಒಂದು ಮಾತು ಹೇಳದೆ ಇರಲಾರೆ. 1956ರವರೆಗೆ ಗದ್ವಾಲ್, ಆಲಂಪುರ ತಾಲ್ಲೂಕುಗಳು ರಾಯಚೂರು ಜಿಲ್ಲೆಯಲ್ಲಿಯೇ ಇದ್ದವು. ಗದ್ವಾಲಿನ ಅಜ್ಜ ರಾಯಚೂರು ಜಿಲ್ಲೆಯವನು. ಅದೇ ಮನೆಯಲ್ಲಿ ಬೆಳೆದ ಮೊಮ್ಮಗಳು ರಾಯಚೂರಿಗೆ ಹೊರಗಿನವಳು! ನಿಜಾಮರ ಆಳ್ವಿಕೆಯ ಹಿಂದುಳಿದಿರುವಿಕೆಯನ್ನು ಸರಿಪಡಿಸಲು ಬಂದ ಈ ಅನುಕೂಲ, ಅದೇ ಆಳ್ವಿಕೆಯನ್ನು ಕಂಡ ನಮ್ಮ ಊರುಗಳಿಗೆ ತಲುಪದೆ ಹೋದದ್ದು ನ್ಯಾಯವೆಂದು ನನಗೆ ಅನ್ನಿಸಿಲ್ಲ. ಆದರೂ ನಮ್ಮ ಎಷ್ಟೋ ತಾಯಂದಿರ ತವರು ರಾಯಚೂರು, ಯಾದಗಿರಿ ಕಡೆಯದು. ತಾಯಿ ಅಲ್ಲಿ ಹುಟ್ಟಿದ್ದರೆ ಮಗುವಿಗೆ ಅರ್ಹತಾ ಪತ್ರ ದೊರೆಯಬಹುದೇ ಎಂದು ಅಲ್ಲಿನ ಸಹಾಯಕ ಆಯುಕ್ತರ ಕಚೇರಿಯಲ್ಲಿ ವಿಚಾರಿಸುವುದು ಒಳ್ಳೆಯದು. ರಾಯಚೂರು ನೋಡಲು ಹೋದ ದಿನವೇ ಆ ಕೆಲಸವೂ ಆಗಲಿ.

ರಾಯಚೂರಿನಲ್ಲಿ ನೋಡಬೇಕಾದವು ಎರಡು: ಲಿಂಗಸುಗೂರು ರಸ್ತೆಯ ಕೃಷಿ ವಿಜ್ಞಾನಗಳ ವಿಶ್ವವಿದ್ಯಾಲಯ, ಮಂತ್ರಾಲಯದ ದಾರಿಯಲ್ಲಿ ಯರಗೇರಾದ ಬಳಿ ಇರುವ, ಹಿಂದೆ ರಾಯಚೂರು ವಿಶ್ವವಿದ್ಯಾಲಯ ಎನಿಸಿಕೊಂಡಿದ್ದ ಆದಿಕವಿ ಶ್ರೀ ಮಹರ್ಷಿ ವಾಲ್ಮೀಕಿ ವಿಶ್ವವಿದ್ಯಾಲಯ. ಯರಗೇರಾ ಊರಿನಿಂದ ದೂರ. ಹೆಣ್ಣುಮಕ್ಕಳ ವಸತಿನಿಲಯವನ್ನು ತಾಯಿಯೇ ಒಳಹೊಕ್ಕು ನೋಡಲಿ. ಸಂಜೆಯ ಕೊನೆಯ ಬಸ್ಸು ಎಷ್ಟು ಗಂಟೆಗೆಂದು ಕಚೇರಿಯವರನ್ನಲ್ಲ, ಅಲ್ಲಿ ಓದುತ್ತಿರುವ ಹುಡುಗಿಯರನ್ನು ಕೇಳಲಿ.

ಭಾನುವಾರ ಹೋಗಬೇಡಿ, ಬಾಗಿಲು ಮಾತ್ರ ಕಾಣುತ್ತದೆ. ಹೊರಡುವ ಮೊದಲು ಶಾಲೆಯ ಮುಖ್ಯೋಪಾಧ್ಯಾಯರಿಂದ ಪ್ರತಿ ತರಗತಿಯ ವ್ಯಾಸಂಗ ಪ್ರಮಾಣಪತ್ರವನ್ನೂ ಕನ್ನಡ ಮಾಧ್ಯಮದ ದೃಢೀಕರಣವನ್ನೂ ಪಡೆದು, ನಕಲುಗಳನ್ನು ಚೀಲದಲ್ಲಿಟ್ಟುಕೊಳ್ಳಿ. ಎರಡೂ ದಡದ ಕಿಟಕಿಗಳಲ್ಲಿ ಮೊದಲು ಕೇಳುವುದು ಅವನ್ನೇ.